ಹಂದಿ ಕಲಿಸಿದ ದಿನಲೆಕ್ಕ

ಖಾನಾಪುರದ ಬಸ್ಸಿಳಿದ ಅವ್ವ ಆಟೋ ಹಿಡಿದು ಶಿವಬಸವ ನಗರ ತಲುಪುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಕೈಯಲ್ಲಿ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ. ನಾಗನೂರು ರುದ್ರಾಕ್ಷಿ ಮಠ ಹಳ್ಳಿಯ ಮಕ್ಕಳಿಗೆ ಅನ್ನ, ಆಸರೆ ಕೊಟ್ಟು ಓದಿಸಿದ ಬಡಾವಣೆ ಅದು. ಬೆನ್ನಿಗೆ ಪುಸ್ತಕದ ಚೀಲ ಬಿಗಿದ ಹುಡುಗ ಹುಡುಗಿಯರೇ ಅಲ್ಲಿನ ಓಣಿಗಳ ತುಂಬ. ಅಂಥ ಒಂದು ಓಣಿಯ ಮನೆಯ ಮೇಲಿನ ಖೋಲಿಯಲ್ಲಿ ಅವಳ ಮಗಳು ಇನ್ನಿಬ್ಬರು ಗೆಳತಿಯರೊಡನೆ ಬಾಡಿಗೆಗಿದ್ದಳು. ಪಿಯುಸಿ ಎರಡನೆಯ ವರ್ಷ, ವಿಜ್ಞಾನ. ಮಾರ್ಚಿನಲ್ಲಿ ಪರೀಕ್ಷೆ, ಅದರ ಬೆನ್ನಿಗೆ ನೀಟ್.

ಅವ್ವ ಬಂದದ್ದು ರೊಟ್ಟಿ ಕೊಡಲಿಕ್ಕಲ್ಲ. ಎರಡು ದಿನದ ಹಿಂದೆ ಮಗಳು ಫೋನಿನಲ್ಲಿ, ಯಾರಿಗೂ ಕೇಳಿಸಬಾರದೆಂಬಂತೆ ಹೇಳಿದ್ದಳು: "ಅವ್ವಾ, ಮೂರು ತಿಂಗಳ ಮ್ಯಾಲಾತು. ನಾ ಹೊರಗ ಆಗಿಲ್ಲ."

ಗೆಳತಿಯರು ಟ್ಯೂಷನ್ನಿಗೆ ಹೋದರು. ಬಾಗಿಲು ಮುಂದೆ ಮಾಡಿ ಅವ್ವ ಮಗಳ ಎದುರು ಕುಳಿತಳು. ಬಸ್ಸಿನುದ್ದಕ್ಕೂ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಹೊರಬಿತ್ತು.

"ಖರೇ ಹೇಳವ್ವಾ. ಏನರ ಹೆಚ್ಚುಕಡಿಮಿ ಮಾಡ್ಕೊಂಡೀ ಏನು?"

ಮಗಳು ಉತ್ತರ ಕೊಡಲಿಲ್ಲ. ತೆರೆದಿಟ್ಟಿದ್ದ ಜೀವಶಾಸ್ತ್ರದ ಪುಸ್ತಕ ಮುಚ್ಚಿ ಕಿಟಕಿಯ ಕಡೆ ತಿರುಗಿದಳು. ಕೆಳಗೆ ಗಟಾರದ ಪಕ್ಕದಲ್ಲಿ ಹಂದಿಯೊಂದು ಆರೇಳು ಮರಿಗಳನ್ನು ಸುತ್ತ ಹಾಕಿಕೊಂಡು ಮಲಗಿತ್ತು. ರಾತ್ರಿ ಎರಡರವರೆಗೆ ಓದಿ, ಬೆಳಿಗ್ಗೆ ತಿಂಡಿ ಬಿಟ್ಟು ಕ್ಲಾಸಿಗೆ ಓಡುವ ಹುಡುಗಿ ಅವಳು. ಅಂಥ ಮಗಳಿಗೆ ಆ ಒಂದು ಪ್ರಶ್ನೆ ಎಷ್ಟು ನಾಟಿತೆಂಬುದು ಅವ್ವನಿಗೆ ತಿಳಿಯಿತು. ಆದರೆ ಆಡಿದ ಮಾತು ಆಡಿಯಾಗಿತ್ತು.

ಸಂಜೆ ಇಬ್ಬರೂ ಡಾಕ್ಟರರ ಹತ್ತಿರ ಹೋದರು. ನಡುವಯಸ್ಸಿನ ಹೆಣ್ಣುಮಗಳು. ಮಗಳ ತೂಕ, ರಕ್ತದೊತ್ತಡ ನೋಡಿದರು, ರಕ್ತಪರೀಕ್ಷೆಗೆ ಬರೆದರು, ಸ್ಕ್ಯಾನಿಂಗ್‌ಗೆ ಹೇಳಿದರು. ಮೂತ್ರಪರೀಕ್ಷೆಯ ಮಾತು ಬಂದಾಗ ಅವ್ವನ ಮುಖ ಕೆಂಪಾಯಿತು. "ಮುಟ್ಟು ತಪ್ಪಿ ಬಂದವರಿಗೆಲ್ಲ ಇದನ್ನ ಮಾಡ್ತೀವ್ರಿ. ಸಂಶೇಕ್ಕಲ್ಲ, ಪದ್ಧತಿ ಅದು," ಎಂದರು ಡಾಕ್ಟರ್. ಪರೀಕ್ಷೆಯಲ್ಲಿ ಏನೂ ಇರಲಿಲ್ಲ. ಇರುವುದಿಲ್ಲವೆಂದು ಮಗಳಿಗೆ ಮೊದಲೇ ಗೊತ್ತಿತ್ತು.

ಎರಡು ದಿನದ ನಂತರ ವರದಿಗಳೆಲ್ಲ ಬಂದವು. ಥೈರಾಯ್ಡ್ ಸರಿಯಾಗಿತ್ತು, ಗರ್ಭಕೋಶವೂ ಸರಿಯಾಗಿತ್ತು. ಡಾಕ್ಟರ್ ಕಾಗದ ಬದಿಗಿಟ್ಟು ಅವ್ವನನ್ನು ಕೇಳಿದರು:

"ಮನ್ಯಾಗ ಎಮ್ಮಿ ಅದಾವೇನ್ರಿ?"

"ಎರಡು ಅದಾವ್ರಿ."

"ಯಾವಾಗ ಬೆದಿಗೆ ಬರ್ತಾವ, ಗೊತ್ತಿರ್ತದಲ್ಲ?"

"ಗೊತ್ತಿರದೇನ್ರಿ! ಇಪ್ಪತ್ತೊಂದು ದಿನಕ್ಕ. ಕ್ಯಾಲೆಂಡರದಾಗ ಬರದಿಟ್ಟಿರ್ತೀವಿ."

"ಮಗಳದು ಹಿಂದಿನ ತಾರೀಖು ಯಾವುದು?"

ಅವ್ವ ಮಗಳ ಮುಖ ನೋಡಿದಳು. ಮಗಳು ಗೋಡೆ ನೋಡಿದಳು.

ಡಾಕ್ಟರ್ ನಕ್ಕು ಮಾತು ಮುಂದುವರಿಸಿದರು. ಹೆಣ್ಣಿನ ಅಂಡಾಶಯದಿಂದ ಮುಖ್ಯವಾಗಿ ಎರಡು ಹಾರ್ಮೋನುಗಳು ಹೊರಡುತ್ತವೆ. ಈಸ್ಟ್ರೋಜನ್ ಎಂಬುದು ಹೊಲ ಹರಗುವ ಒಕ್ಕಲಿಗನಂತೆ: ಗರ್ಭಕೋಶದ ಒಳಪದರವನ್ನು ಬೆಳೆಸುತ್ತದೆ. ಅಂಡ ಬಿಡುಗಡೆಯಾದ ಮೇಲೆ ಬರುವ ಪ್ರೊಜೆಸ್ಟರೋನ್ ಬೆಳೆ ಕಾಯುವವನಂತೆ: ಆ ಪದರವನ್ನು ಹದಮಾಡಿ ಉಳಿಸಿಕೊಳ್ಳುತ್ತದೆ. ಗರ್ಭ ನಿಂತರೆ ಕಾವಲುಗಾರ ಅಲ್ಲೇ ಉಳಿಯುತ್ತಾನೆ. ನಿಲ್ಲದಿದ್ದರೆ ಎರಡು ವಾರಕ್ಕೆ ಎದ್ದು ಹೋಗುತ್ತಾನೆ, ಪದರ ಕಳಚಿ ಬೀಳುತ್ತದೆ. ಅದೇ ಮುಟ್ಟು.

"ಅಂದ್ರ ಮುಟ್ಟು ಬರೋದು ಹಾರ್ಮೋನು ಬಂದದ್ದಕ್ಕಲ್ಲ, ಹೋದದ್ದಕ್ಕ," ಎಂದಳು ಮಗಳು. ಮೂರು ದಿನದಲ್ಲಿ ಅವಳು ಆಡಿದ ಮೊದಲ ಪೂರಾ ವಾಕ್ಯ ಅದು.

"ಹೌದವ್ವಾ. ನಿನಗ ಈ ಮೂರು ತಿಂಗಳು ಅಂಡ ಬಿಡುಗಡೆ ಆಗಿಲ್ಲ ಅಂತ ಕಾಣ್ತದ. ಕಾಯಾವ ಬರಲೇ ಇಲ್ಲ, ಹಂಗಾಗಿ ಎದ್ದುಹೋಗೋ ಮಾತೂ ಇಲ್ಲ. ನಿದ್ದಿಗೇಡು, ಊಟಬಿಡೋದು, ಪರೀಕ್ಷೆ ಚಿಂತಿ, ಇವೆಲ್ಲ ಮಿದುಳಿಗೆ ಮುಟ್ಟತಾವ. ಅಂಡಾಶಯಕ್ಕ ಅಪ್ಪಣಿ ಬರೋದು ಅಲ್ಲಿಂದನ. ಈಗ ಗುಳಿಗಿ ರೂಪದಾಗ ಸಂಬಳದ ಕಾವಲುಗಾರನ್ನ ಹತ್ತು ದಿನ ಇಡೋಣ. ಆಮ್ಯಾಲೆ ಬಿಡಿಸೋಣ."

ಅವ್ವ ಚೀಟಿಯನ್ನು ತಿರುವಿ ನೋಡಿ ಅಳುಕುತ್ತ ಕೇಳಿದಳು: "ಇದರಾಗ ಪ್ರಾಣಿದ್ದು ಏನರ ಇರ್ತದೇನ್ರಿ? ನಮ್ಮಲ್ಲಿ ನಡಿಯಂಗಿಲ್ಲರಿ."

"ಈಗಿನ ಹಾರ್ಮೋನು ಗಿಡದ ಮೂಲದಿಂದ ಮಾಡ್ತಾರ್ರಿ. ಆದರ ಇದರ ಗುಟ್ಟು ಹೇಳಿಕೊಟ್ಟದ್ದು ಹಂದಿ."

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಗಳಿಗೆ ಮಾತ್ರ ಕಿಟಕಿಯ ಕೆಳಗಿನ ಹಂದಿ ಕಣ್ಣಿಗೆ ಕಟ್ಟಿತು.

*

ಹಂದಿ ಏನು ಕಲಿಸಿತು ಎಂಬುದನ್ನು ಹುಡುಗಿ ಕೇಳಿದ್ದು ಸೋಮವಾರ, ಕಾಲೇಜಿನ ಪ್ರಾಣಿಶಾಸ್ತ್ರದ ಸರ್ ಅವರನ್ನು. ಅವರು ಓದಿದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ. ಪ್ರೊ. ಎಸ್.ಕೆ. ಸೈದಾಪುರ ಅವರು ಕಪ್ಪೆಗಳ ಅಂಡಾಶಯ ಋತುಋತುವಿಗೆ ಹೇಗೆ ಬದಲಾಗುತ್ತದೆಂದು ವರ್ಷಗಟ್ಟಲೆ ಅಭ್ಯಾಸ ಮಾಡಿದ ವಿಭಾಗ ಅದು. ಪ್ರಶ್ನೆ ಕೇಳಿದ್ದೇ ಸಾಕಾಯಿತು, ಸರ್ ಅಂದಿನ ಪಾಠವನ್ನೇ ಬದಿಗಿಟ್ಟರು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಜಾರ್ಜ್ ಕಾರ್ನರ್ ಎಂಬ ವೈದ್ಯವಿಜ್ಞಾನಿಗೆ ಒಂದು ಸಮಸ್ಯೆಯಿತ್ತು. ಹೆಂಗಸರ ಅಂಡಾಶಯದೊಳಗೆ ದಿನದಿನಕ್ಕೆ ಏನಾಗುತ್ತದೆಂದು ಆಗ ಯಾರಿಗೂ ಸ್ಪಷ್ಟವಾಗಿ ತಿಳಿದಿರಲಿಲ್ಲ. ಜೀವಂತ ಹೆಂಗಸಿನ ಹೊಟ್ಟೆ ತೆರೆದು ನೋಡುವಂತಿಲ್ಲ. ಆದರೆ ಊರಿನ ಕಸಾಯಿಖಾನೆಯಲ್ಲಿ ಹಂದಿಗಳ ಅಂಡಾಶಯಗಳು ಬೇಡದ ವಸ್ತುವಾಗಿ ರಾಶಿಬಿದ್ದಿರುತ್ತಿದ್ದವು. ಅವನ್ನೇ ತಂದು ಅಭ್ಯಾಸ ಮಾಡಿದ ಕಾರ್ನರ್ 1921ರಲ್ಲಿ ಹಂದಿಯ ಅಂಡಾಶಯ, ಗರ್ಭಕೋಶಗಳ ದಿನಚರಿಯನ್ನೇ ಪ್ರಕಟಿಸಿದರು.

ಆ ದಿನಚರಿ ಇಪ್ಪತ್ತೊಂದು ದಿನಗಳದ್ದು. ಎಮ್ಮೆಗೂ ಅಷ್ಟೇ, ಆಕಳಿಗೂ ಅಷ್ಟೇ! ಹಂದಿಯ ಅಂಡಾಶಯ ಮನುಷ್ಯರದರಂತೆ ಬಾದಾಮಿಯ ಆಕಾರದ್ದಲ್ಲ, ದ್ರಾಕ್ಷಿಗೊಂಚಲಿನಂತೆ ಗಂಟುಗಂಟಾಗಿರುತ್ತದೆ. ಒಂದೇ ಸಲಕ್ಕೆ ಹತ್ತಿಪ್ಪತ್ತು ಅಂಡಗಳನ್ನು ಬಿಡುವ ಪ್ರಾಣಿ ಅದು. ಬೆದೆಯ ಮುಂಚಿನ ದಿನಗಳಲ್ಲಿ ಅಂಡವನ್ನು ಹೊತ್ತ ನೀರುಗುಳ್ಳೆಗಳು ಉಬ್ಬುತ್ತವೆ, ಅವುಗಳಿಂದ ಈಸ್ಟ್ರೋಜನ್ ಏರುತ್ತದೆ. ಬೆದೆಯಲ್ಲಿ ಗುಳ್ಳೆಗಳೊಡೆದು ಅಂಡ ಹೊರಬೀಳುತ್ತದೆ. ಒಡೆದ ಜಾಗ ಮೊದಲು ರಕ್ತಗಂಟಿನಂತೆ ಕೆಂಪಾಗಿದ್ದು, ವಾರದೊಳಗೆ ತುಂಬಿಕೊಂಡು ಗಟ್ಟಿ ಗಂಟಾಗುತ್ತದೆ. ಪುಸ್ತಕದಲ್ಲಿ ಅದರ ಹೆಸರು ಪೀತಪಿಂಡ, ಎಂದರೆ ಹಳದಿ ಮುದ್ದೆ. ಆಕಳಲ್ಲಿ ಅದು ನಿಜವಾಗಿಯೂ ಹಳದಿ. ಹಂದಿಯಲ್ಲಿ ಮಾತ್ರ ಮಾಂಸದ ಬಣ್ಣ. ಆದರೂ ಹೆಸರು ಅದೇ, ಕೆಲಸವೂ ಅದೇ: ಪ್ರೊಜೆಸ್ಟರೋನ್ ತಯಾರಿಸುವುದು. ಹನ್ನೆರಡರಿಂದ ಹದಿನಾಲ್ಕನೆಯ ದಿನದ ಸುಮಾರಿಗೆ ಅದರ ಮಟ್ಟ ಮೇಲಿರುತ್ತದೆ. ಗರ್ಭ ನಿಲ್ಲದಿದ್ದರೆ ಹದಿನೈದು ಹದಿನಾರನೆಯ ದಿನಕ್ಕೆ ಗರ್ಭಕೋಶದಿಂದಲೇ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಬಂದು ಪೀತಪಿಂಡದ ಕೆಲಸ ನಿಲ್ಲಿಸುತ್ತದೆ. ಗಂಟು ಬಿಳಿಚಿಕೊಂಡು ಕುಗ್ಗುತ್ತದೆ, ಹೊಸ ಗುಳ್ಳೆಗಳು ಏಳುತ್ತವೆ. ಅಂಡಾಶಯವನ್ನು ಕೈಯಲ್ಲಿ ಹಿಡಿದು ನೋಡಿದರೆ ಆ ಹಂದಿಗೆ ಅದು ಸುಮಾರು ಎಷ್ಟನೆಯ ದಿನವೆಂದು ಬಲ್ಲವರು ಹೇಳಬಲ್ಲರು.

"ಗರ್ಭ ನಿಂತದ್ದು ಅಂಡಾಶಯಕ್ಕ ಹೆಂಗ ಗೊತ್ತಾಗ್ತದ ಸರ್?" ಎಂದು ಯಾರೋ ಕೇಳಿದರು. ಹಂದಿಯಲ್ಲಿ ಹನ್ನೊಂದು ಹನ್ನೆರಡನೆಯ ದಿನಕ್ಕೆ ಭ್ರೂಣಗಳೇ ಈಸ್ಟ್ರೋಜನ್ ಹೊರಡಿಸಿ "ನಾವಿದ್ದೇವೆ" ಎಂದು ತಿಳಿಸುತ್ತವೆ. ಒಂದೆರಡು ಭ್ರೂಣಗಳ ಕೂಗು ಸಾಲದು, ಸಾಮಾನ್ಯವಾಗಿ ನಾಲ್ಕಾದರೂ ಬೇಕು. ಮನುಷ್ಯರಲ್ಲಿ ಆ ಸಂದೇಶ ಒಯ್ಯುವ ಹಾರ್ಮೋನು ಬೇರೆ. ಮೂತ್ರಪರೀಕ್ಷೆಯ ಪಟ್ಟಿಯಲ್ಲಿ ಗೆರೆ ಮೂಡಿಸುವುದು ಅದೇ. ಹುಡುಗಿ ಆ ವಾಕ್ಯದ ಕೆಳಗೆ ಎರಡು ಸಲ ಗೆರೆ ಎಳೆದಳು.

ಪೀತಪಿಂಡದಲ್ಲಿರುವುದು ಏನೆಂದು ಖಚಿತವಾಗಿ ತೋರಿಸಿದ್ದು 1929ರಲ್ಲಿ. ಆ ಹೊತ್ತಿಗೆ ಕಾರ್ನರ್ ರೋಚೆಸ್ಟರಿನಲ್ಲಿದ್ದರು. ಅವರೂ ಅವರ ವಿದ್ಯಾರ್ಥಿ ವಿಲ್ಲರ್ಡ್ ಆಲೆನ್ ಅವರೂ ಸೇರಿ ಹಂದಿಯ ಪೀತಪಿಂಡದ ಸತ್ವ ತೆಗೆದು, ಗರ್ಭ ಧರಿಸಿದ ಕೂಡಲೆ ಅಂಡಾಶಯ ತೆಗೆದುಹಾಕಿದ ಮೊಲಗಳಿಗೆ ಕೊಟ್ಟರು. ಬಿದ್ದುಹೋಗಬೇಕಿದ್ದ ಗರ್ಭ ಉಳಿಯಿತು. ಈ ಕೆಲಸದ ನಡುವೆ ಒಂದು ವಿಚಿತ್ರ ತೊಡಕು ಬಂದಿತ್ತು. ಸತ್ವವನ್ನು ಆಲೆನ್ ಪರೀಕ್ಷಿಸಿದರೆ ಫಲ ಸಿಗುತ್ತಿತ್ತು, ಗುರುಗಳೇ ಪರೀಕ್ಷಿಸಿದರೆ ಸಿಗುತ್ತಿರಲಿಲ್ಲ! ಕೊನೆಗೆ ತಿಳಿದದ್ದೇನೆಂದರೆ, ಕಾರ್ನರ್ ಆರಿಸಿಕೊಳ್ಳುತ್ತಿದ್ದ ಮೊಲಗಳು ಚಿಕ್ಕವು. ಅವುಗಳ ದೇಹ ಆ ಹಾರ್ಮೋನಿಗೆ ಓಗೊಡುವಷ್ಟು ಬಲಿತಿರಲಿಲ್ಲ.

ಇನ್ನು ಆ ವಸ್ತುಗಳನ್ನು ಶುದ್ಧರೂಪದಲ್ಲಿ ಪಡೆಯುವ ಕಷ್ಟ. 1923ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಎಡ್ಗರ್ ಆಲೆನ್ ಮತ್ತು ಎಡ್ವರ್ಡ್ ಡಾಯ್ಸಿ ಹಂದಿಯ ನೀರುಗುಳ್ಳೆಗಳ ದ್ರವದಲ್ಲಿ ಬೆದೆ ತರುವ ಹಾರ್ಮೋನು ಇದೆಯೆಂದು ತೋರಿಸಿದ್ದರು. ಮುಂದೆ ಡಾಯ್ಸಿ ಅವರ ತಂಡ ಅದನ್ನು ಶುದ್ಧಗೊಳಿಸಲು ಸುಮಾರು 4 ಟನ್ ಹಂದಿ ಅಂಡಾಶಯಗಳನ್ನು ಬಳಸಿತು. ಸಿಕ್ಕಿದ್ದು 12 ಮಿಲಿಗ್ರಾಂ, ಒಂದು ಚಿಟಿಕೆ ಉಪ್ಪಿಗಿಂತ ಕಡಿಮೆ. ಪ್ರೊಜೆಸ್ಟರೋನ್ 1934ರಲ್ಲಿ ಬೇರೆ ಬೇರೆ ಕಡೆಯ ನಾಲ್ಕು ತಂಡಗಳಿಗೆ ಹರಳುರೂಪದಲ್ಲಿ ದೊರೆಯಿತು. ಅವುಗಳಲ್ಲೊಂದಾದ ಜರ್ಮನಿಯ ಬ್ಯೂಟೆನಾಂಟ್ ಅವರ ತಂಡ 50,000 ಹಂದಿಗಳ ಅಂಡಾಶಯಗಳಿಂದ ತೆಗೆದದ್ದು 20 ಮಿಲಿಗ್ರಾಂ. 1940ರ ದಶಕದಲ್ಲಿ ರಸೆಲ್ ಮಾರ್ಕರ್ ಮೆಕ್ಸಿಕೋದ ಕಾಡುಗೆಣಸಿನಿಂದ ಅದೇ ಹಾರ್ಮೋನನ್ನು ಕಿಲೋಗಟ್ಟಲೆ ತಯಾರಿಸಿದ ಮೇಲೆ ಹಂದಿಗೆ ಬಿಡುವು ಸಿಕ್ಕಿತು. ಗುಳಿಗೆ ಬಡವರ ಕೈಗೂ ಎಟುಕುವ ದಾರಿ ತೆರೆಯಿತು.

ಹೀಗೆ ಕಣ್ಣಂದಾಜಿನಲ್ಲಿ ಶುರುವಾದ ಕೆಲಸ ಆಮೇಲೆ ಸೂಕ್ಷ್ಮವಾಯಿತು. ಈಗ ಅಂಡಾಶಯದ ತೆಳ್ಳನೆಯ ಪದರಕ್ಕೆ ಪ್ರತಿಕಾಯಗಳನ್ನು ಹಚ್ಚಿ, ಯಾವ ದಿನ ಯಾವ ಜೀವಕೋಶದಲ್ಲಿ ಯಾವ ಹಾರ್ಮೋನು ಕುಳಿತಿದೆ ಎಂಬುದನ್ನು ಬಣ್ಣದಲ್ಲಿ ಕಾಣುತ್ತಾರೆ. ಗ್ರಾಮಿನ ನೂರು ಕೋಟಿ ಪಾಲುಗಳಲ್ಲಿ ಒಂದು ಪಾಲನ್ನು ಅಳೆಯುವ ವಿಧಾನಗಳಿವೆ. ಅದಕ್ಕೆ ದಾರಿ ಮಾಡಿದ ರೋಸಲಿನ್ ಯಾಲೋ ಅವರಿಗೆ 1977ರಲ್ಲಿ ನೊಬೆಲ್ ಬಂತು. ನಮ್ಮಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್.ಆರ್. ಮೌದ್ಗಲ್ ಅವರು ಪ್ರತಿಕಾಯಗಳನ್ನೇ ಬಳಸಿ, ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಹಾರ್ಮೋನನ್ನು ತಡೆದರೆ ಪೀತಪಿಂಡ ಏನಾಗುತ್ತದೆಂದು ಇಲಿ, ಮಂಗಗಳಲ್ಲಿ ಅಭ್ಯಾಸ ಮಾಡಿದರು. ಮೇಲಿನ ಅಪ್ಪಣೆ ನಿಂತರೆ ಅಂಡಾಶಯದ ಕೆಲಸವೂ ನಿಲ್ಲುತ್ತದೆ. ಡಾಕ್ಟರ್ ಹೇಳಿದ್ದೂ ಅದನ್ನೇ ಅಲ್ಲವೆ?

ಸರ್ ಕೊನೆಗೆ ಪಠ್ಯದಲ್ಲಿ ಒಂದೇ ಸಾಲಿನಲ್ಲಿ ಬಂದುಹೋಗುವ ಹೆಸರೊಂದನ್ನು ನೆನಪಿಸಿದರು: ರಿಲ್ಯಾಕ್ಸಿನ್. 1926ರಲ್ಲಿ ಫ್ರೆಡರಿಕ್ ಹಿಸಾ ಗುರುತಿಸಿದ ಹಾರ್ಮೋನು ಅದು. ಬೆದೆಯ ಚಕ್ರದ ದಿನಗಳಲ್ಲಿ ಹಂದಿಯ ಅಂಡಾಶಯದಲ್ಲಿ ಅದರ ಸುಳಿವು ಅತ್ಯಲ್ಪ. ಗರ್ಭ ನಿಂತರೆ ಮಾತ್ರ ಪೀತಪಿಂಡ ಅದನ್ನು ಕಣಕಣವಾಗಿ ಕೂಡಿಡುತ್ತದೆ. ಹಂದಿಯ ಗರ್ಭಾವಧಿ 114 ದಿನ. ಈಯುವ ಹೊತ್ತು ಹತ್ತಿರವಾದಾಗ ಕೂಡಿಟ್ಟದ್ದು ಹೊರಬಂದು ಗರ್ಭಕೋಶದ ಬಾಯಿಯನ್ನು ಮೆತ್ತಗೆ ಮಾಡುತ್ತದೆ.

*

ಆ ರಾತ್ರಿ ಇದನ್ನೆಲ್ಲ ಅವ್ವನಿಗೆ ಫೋನಿನಲ್ಲಿ ಹೇಳುವಾಗ ಅವ್ವ ನಡುವೆಯೇ ತಡೆದಳು. "ಅದೇನ ಹೊಸಾದು? ಎಮ್ಮಿ ಈಯೂ ಮುಂದ ಬಾಲದ ಬುಡ ಸಡ್ಲ ಆಗ್ತದ. ಕೈ ಇಟ್ಟು ನೋಡಿದ್ರ ತಿಳೀತದ. ನಿಮ್ಮ ಆಯಿನೂ ಹಂಗ ನೋಡ್ತಿದ್ಳು." ಹಾರ್ಮೋನಿನ ಹೆಸರು ಗೊತ್ತಿರಲಿಲ್ಲ, ಅಷ್ಟೆ. ಕೈಗೆ ಗೊತ್ತಿತ್ತು.

ಖೋಲಿಯ ಗೆಳತಿಯೊಬ್ಬಳಿಗೆ ಬೇರೆಯದೇ ಚಿಂತೆಯಿತ್ತು. ಅವಳ ಊರಲ್ಲಿ ಅಕ್ಕನ ಮದುವೆ. ಅದೇ ದಿನಕ್ಕೆ ಅವಳ ತಾರೀಖು. ಜಾತ್ರೆ, ಮದುವೆ, ಪೂಜೆ ಬಂದರೆ ಔಷಧಿ ಅಂಗಡಿಯಿಂದ ಗುಳಿಗೆ ತಂದು ಮುಟ್ಟು ಮುಂದೂಡುವುದು ಅವರ ಮನೆಯ ಹೆಂಗಸರಿಗೆ ರೂಢಿ. "ಅದೂ ಇದನ್ನ ಅಲ್ಲೇನ?" ಎಂದಳು. ಹೌದು, ಅದೂ ಪ್ರೊಜೆಸ್ಟರೋನಿನ ದಾಯಾದಿಯೇ. ಗುಳಿಗೆ ನುಂಗುವ ತನಕ ಕಾವಲುಗಾರ ಇದ್ದಾನೆಂದು ಗರ್ಭಕೋಶ ನಂಬುತ್ತದೆ, ಬಿಟ್ಟ ಕೂಡಲೆ ಮುಟ್ಟಾಗುತ್ತದೆ. ದೊಡ್ಡ ಹಂದಿಸಾಕಣೆ ಕೇಂದ್ರಗಳಲ್ಲಿ ಇಂಥದೇ ಔಷಧ ಮೇವಿನಲ್ಲಿ ಬೆರೆಸಿ, ಒಂದೇ ದಿನ ನಿಲ್ಲಿಸಿ, ಹಂದಿಗಳೆಲ್ಲ ಒಟ್ಟಿಗೆ ಬೆದೆಗೆ ಬರುವಂತೆ ಮಾಡುವುದುಂಟು. ಆದರೆ ರಕ್ತ ಹೆಪ್ಪುಗಟ್ಟುವ ತೊಂದರೆ, ಯಕೃತ್ತಿನ ಕಾಯಿಲೆ ಇರುವವರಿಗೆ ಈ ಗುಳಿಗೆ ಅಪಾಯ ತಂದೀತು. ಡಾಕ್ಟರನ್ನು ಕೇಳದೆ ಅಂಗಡಿಯವನನ್ನು ಕೇಳಿ ನುಂಗುವಂಥದ್ದಲ್ಲ ಅದು.

ಮದುವೆಯ ಚಪ್ಪರದಲ್ಲಿ ಮುಟ್ಟಾದ ಹುಡುಗಿ ನಿಂತರೆ ಏನು ಕೆಡುತ್ತದೆ? ಹನ್ನೆರಡನೆಯ ಶತಮಾನದ ಶರಣರು ಐದು ಸೂತಕಗಳನ್ನು ಅಲ್ಲಗಳೆದಾಗ ಅವುಗಳಲ್ಲಿ ರಜಸ್ಸೂತಕವೂ ಒಂದಾಗಿತ್ತು. ಶರಣರ ಹೆಸರು ಹೇಳುವ ಮನೆಗಳಲ್ಲೇ ಇಂದಿಗೂ ಮಗಳು ಆ ಮೂರು ದಿನ ದೇವರ ಜಗಲಿಯಿಂದ ದೂರ. ಅವ್ವನ ಮನೆಯಲ್ಲೂ ಹಾಗೆಯೇ ನಡೆದುಬಂದಿತ್ತು. ಹಾಗಾಗಿಯೇ ಎಮ್ಮೆಯ ಬೆದೆ ಗೋಡೆಯ ಮೇಲೆ ಎಲ್ಲರಿಗೂ ಕಾಣುತ್ತಿತ್ತು, ಮಗಳ ಮುಟ್ಟು ಮೂರು ತಿಂಗಳು ತಪ್ಪಿದರೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮೊದಲ ಸಲ ಮುಟ್ಟಾದ ಒಂದೆರಡು ವರ್ಷ ಲೆಕ್ಕ ಹಿಂದುಮುಂದಾಗುವುದು ಸಹಜ. ಆದರೂ ತೊಂಬತ್ತು ದಿನ ದಾಟಿದರೆ ತೋರಿಸಬೇಕು. ತೊಂಬತ್ತಾಯಿತೆಂದು ತಿಳಿಯಬೇಕಾದರೆ ಮೊದಲು ಯಾರಾದರೂ ಎಣಿಸಬೇಕಲ್ಲ?

ಗುಳಿಗೆ ಮುಗಿದ ನಾಲ್ಕನೆಯ ದಿನ ಬೆಳಗಿನ ಜಾವ ಹುಡುಗಿಗೆ ಹೊಟ್ಟೆ ಕಿವುಚಿದಂತಾಗಿ ಎಚ್ಚರವಾಯಿತು. ಪುಸ್ತಕದಲ್ಲಿ ಓದಿದ್ದು ಸರಿಯಾಗಿತ್ತು, ಕಾವಲುಗಾರ ಎದ್ದು ಹೋಗಿದ್ದ. ಮನೆಗೆ ಫೋನು ಮಾಡಿದಾಗ ಎತ್ತಿದ್ದು ಅಪ್ಪ. ಅವ್ವ ಹಿಂಡುತ್ತಿದ್ದಳು. ಹುಡುಗಿ ತಡವರಿಸಿ, "ಅವ್ವಗ ಹೇಳ್ರಿ... ಆರಾಮ ಆತು ಅಂತ," ಎಂದಳು.

ಅಪ್ಪ ಒಂದು ಗಳಿಗೆ ಸುಮ್ಮನಿದ್ದ. "ಹೇಳ್ತೀನವ್ವಾ. ಹೊತ್ತಿಗೆ ಸರಿಯಾಗಿ ಉಣ್ಣು," ಎಂದ. ಆಮೇಲೆ ಏನು ಮಾತಾಡಬೇಕೆಂದು ತೋಚದೆ ಹೊಲದ ಸುದ್ದಿ ತೆಗೆದ. ರಾತ್ರಿ ಅಟ್ಟದ ಮೇಲೆ ಕಾವಲು ಕುಳಿತಾಗ ಕಾಡಹಂದಿ ಮರಿಗಳ ಸಮೇತ ಭತ್ತಕ್ಕೆ ನುಗ್ಗಿತ್ತಂತೆ. ಡಬ್ಬಿ ಬಾರಿಸಿ ಓಡಿಸಿದನಂತೆ.

"ಹಂದಿ ಗಬ್ಬ ಎಷ್ಟು ದಿನ ಗೊತ್ತೇನಪ್ಪಾ? ಊರ ಹಂದಿದು ನೂರಾ ಹದಿನಾಲ್ಕು. ಮೂರು ತಿಂಗಳು, ಮೂರು ವಾರ, ಮೂರು ದಿನ. ಕಾಡಿಂದೂ ಹೆಚ್ಚುಕಡಿಮಿ ಅಷ್ಟ."

ಅಪ್ಪ ಆ ಕಡೆಯಿಂದ ಎಣಿಸುತ್ತಿದ್ದ. "ಅಂದ್ರ ನಾ ನಾಟಿ ಹಚ್ಚೂಮುಂದ ಗಬ್ಬ ಕಟ್ಟಿದ್ದು ಸುಗ್ಗಿಗೆ ಈಯ್ತದ. ಬರೋಬ್ಬರಿ ಲೆಕ್ಕ ಐತಿ ಅದರದು." ಮಗಳು ನಕ್ಕಳು. ಅಪ್ಪನೂ ನಕ್ಕ.

ದೀಪಾವಳಿಗೆ ಅವಳು ಊರಿಗೆ ಹೋದಳು. ಎರಡನೆಯ ತಿಂಗಳು ಗುಳಿಗೆಯಿಲ್ಲದೆ, ನಾಲ್ಕು ದಿನ ತಡವಾಗಿಯಾದರೂ ತಾನಾಗಿಯೇ ಆಗಿತ್ತು. ಅವ್ವ ಬಾಗಿಲಲ್ಲಿ ಕೈಚೀಲ ಇಸಿದುಕೊಂಡು, ಯಾರೂ ಇಲ್ಲದ ಹೊತ್ತು ನೋಡಿ ಹೇಳಿದಳು: "ಅವತ್ತ ಹಂಗ ಕೇಳಬಾರದಿತ್ತು ನಾ." ಮಗಳು "ಇರ್ಲಿ ಬಿಡವ್ವಾ," ಎಂದಳು. ಹೇಳುವುದಕ್ಕೆ ಮೂರು ದಿನ ಹಿಡಿಸುವಷ್ಟು ನೋವಿದ್ದ ವಿಷಯ ಮೂರು ಮಾತಿನಲ್ಲಿ ಮುಗಿಯಿತು.

ಪಡಸಾಲೆಯ ಗೋಡೆಗೆ ಕ್ಯಾಲೆಂಡರು ಎಂದಿನಂತೆ ತೂಗಾಡುತ್ತಿತ್ತು. ಎಮ್ಮೆಯ ತಾರೀಖುಗಳು ಅಪ್ಪನ ಅಕ್ಷರದಲ್ಲಿದ್ದವು. ಅವುಗಳಿಗಿಂತ ಒಂದು ಸಾಲು ಕೆಳಗೆ, ಅವಳು ಫೋನು ಮಾಡಿದ ದಿನದ ಅಂಕಿಯ ಪಕ್ಕದಲ್ಲಿ, ಕೆಂಪು ಮಸಿಯ ಸಣ್ಣ ಚುಕ್ಕೆಯಿತ್ತು. ಹಾಳೆ ತಿರುವಿದರೆ ಮುಂದಿನ ತಿಂಗಳಲ್ಲೂ ಇನ್ನೊಂದು. ಅಕ್ಷರ ಬಾರದ ಅವ್ವ ಇಟ್ಟ ಚುಕ್ಕೆಗಳು. ಅಪ್ಪ ಅವನ್ನು ನೋಡಿದ್ದನೋ ಇಲ್ಲವೋ, ಯಾರೂ ಕೇಳಲಿಲ್ಲ. ಕ್ಯಾಲೆಂಡರನ್ನು ಯಾರೂ ಬೇರೆ ಕಡೆ ತೂಗುಹಾಕಲೂ ಇಲ್ಲ.